ಬೀಜಕ್ಕೆ ಬಿಟ್ಟ ಸೋರೆ

ಜೂನ್ 2

ಅಕ್ಕನಿಗೆ,

ನಾನು ಆರೋಗ್ಯವಾಗಿದ್ದೇನೆ ಅಂದುಕೊಂಡಿದ್ದೇನೆ. ನೀನೂ ಹಾಗೇ ಇದ್ದೀಯ ಅಂದುಕೊಳ್ಳುತ್ತೇನೆ. ಫೋನಿನಲ್ಲಿ "ನೀನು ಮಾತಾಡ್ತಿದ್ದೀಯೋ ಅಳ್ತಿದ್ದೀಯೋ ಗೊತ್ತಾಗಲ್ಲ, ಏನಿದ್ರೂ ಬರೆದು ಹಾಕು" ಎಂದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನೆಂಟರ ಮನೆಗಳಲ್ಲಿದ್ದು ಒಂದೊಂದು ಕ್ಲಾಸನ್ನು ಎರಡೆರಡು ಊರಿನಲ್ಲಿ ಅರ್ಧರ್ಧ ಓದಿದವಳ ಅಕ್ಷರ, ಸಹಿಸಿಕೋ.

ಅಮ್ಮನ ಹೊಲಿಗೆಯಂತ್ರವನ್ನು ಹಿಂದಿನ ಕೋಣೆಯ ಕಿಟಕಿಯ ಪಕ್ಕ ಇಟ್ಟಿದ್ದೇನೆ. ಅಲ್ಲಿಂದ ಹಿತ್ತಲು ಪೂರಾ ಕಾಣುತ್ತದೆ. ಗೋಡೆಯ ಉದ್ದಕ್ಕೆ ನಾಲ್ಕು ಮಡಿ, ಮೂಲೆಯಲ್ಲಿ ನಿಂಬೆ, ಒಗೆಯುವ ಕಲ್ಲಿನ ಮೇಲೆ ಸೋರೆಯ ಖಾಲಿ ಚಪ್ಪರ. ಮೊದಲ ದಿನ ಯಂತ್ರ ತುಳಿಯಲು ಹೆದರಿ ಸುಮ್ಮನೆ ಕೂತಿದ್ದೆ. ಇದುವರೆಗೆ ಇದ್ದ ಬಾಡಿಗೆ ಕೋಣೆಗಳಲ್ಲೆಲ್ಲ ಯಂತ್ರ ತಿರುಗಿದ ಕೂಡಲೇ ಯಾರಾದರೂ ಗೋಡೆ ಬಡಿಯುತ್ತಿದ್ದರು. ಇಲ್ಲಿ ಯಾರೂ ಬಡಿಯಲಿಲ್ಲ. ಪಕ್ಕದ ಮನೆಯ ಕಾಂಪೌಂಡರು ಗೋಡೆಯ ಮೇಲಿಂದ ಇಣುಕಿ, "ಅಂತೂ ಈ ಮನೆಯಿಂದ ಏನೋ ಒಂದು ಸದ್ದು ಬಂತಪ್ಪ" ಎಂದರು, ಅಷ್ಟೇ.

ಕೆಲಸಕ್ಕೆಂದು ಈ ಮನೆ ಬಿಟ್ಟು ಹೊರಡುವಾಗ ನೀನು ಹೇಳಿದ್ದು ನೆನಪಿದೆ. "ಆಸ್ಪತ್ರೆ ಬಟ್ಟೆ ಒಗೆಯೋ ವಿಭಾಗ ನೋಡ್ಕೊಳ್ಳೋ ಕೆಲಸ, ಒಂದೇ ವರ್ಷ. ಅಲ್ಲೀತನಕ ಹಿತ್ತಲು ನೋಡ್ಕೋ. ಆಮೇಲೆ ಮನೆ ಏನು ಮಾಡೋದು ಅಂತ ಯೋಚನೆ ಮಾಡೋಣ." ಆ 'ಆಮೇಲೆ' ನನ್ನ ತಲೆಯಲ್ಲಿ ನೊಣದ ಹಾಗೆ ಸುತ್ತುತ್ತಿದೆ. ಹಿತ್ತಲು ಚೆನ್ನಾಗಿ ಉಳಿದರೆ ನಾನೂ ಈ ಮನೆಯಲ್ಲೇ ಉಳಿಯಬಹುದು ಎಂದು ಅರ್ಥ ಮಾಡಿಕೊಂಡಿದ್ದೇನೆ. ತಪ್ಪಾಗಿದ್ದರೆ ಈಗಲೇ ಹೇಳಬೇಡ, ಕೈ ಓಡುವುದಿಲ್ಲ.

ಈಗ ಪ್ರಶ್ನೆಗಳು. ಬೀಜದ ಡಬ್ಬಿಯಲ್ಲಿ ಅಮ್ಮನ ಸೋರೆಯ ಬೀಜ ಒಂದು ಚಿಟಿಕೆಯಷ್ಟಿದೆ. ಆ ಗಿಡ್ಡ ಕುತ್ತಿಗೆಯ ಸೋರೆ ಅಂಗಡಿಯಲ್ಲಿ ಸಿಗುವುದಿಲ್ಲ ಎಂದು ನೀನೇ ಹೇಳಿದ್ದೆ. ಎಲ್ಲ ಹಾಕಲೋ, ಅರ್ಧ ಹಾಕಲೋ? ಹಾಕಿದ್ದು ಕೊಳೆತರೆ? ಹಾಕದೆ ಇಟ್ಟದ್ದಕ್ಕೆ ಹುಳು ಬಿದ್ದರೆ? ಗೊಬ್ಬರ ಮೊದಲೋ ಮಳೆ ಮೊದಲೋ? ಮೋಡ ಬಂದು ನಿಂತಿದೆ. ಬೇಗ ಬರೆ.

ಗಾಬ್ರಿ

(ಮನೆಯಲ್ಲಿ ಎಲ್ಲರೂ ಕರೆದದ್ದು ಹಾಗೇ ಅಲ್ಲವೇ, ಅದನ್ನೇ ಬರೆದಿದ್ದೇನೆ.)


ಜೂನ್ 13

ಗಾಬ್ರಿ,

ಗೊಬ್ಬರ ಮೊದಲು. ಮಳೆ ಬಂದ ಮೇಲೆ ಕೆದಕಿದರೆ ಮಣ್ಣು ಹಿಟ್ಟಿನ ಮುದ್ದೆಯಾಗುತ್ತದೆ. ಮೊದಲನೇ ಮಡಿಗೆ ಬೀನ್ಸು, ಎರಡನೆಯದಕ್ಕೆ ಬದನೆ ಮತ್ತು ಮೆಣಸಿನ ಸಸಿ, ಮೂರನೆಯದಕ್ಕೆ ಸೊಪ್ಪು. ಸೊಪ್ಪಿನ ಬೀಜವನ್ನು ಒಂದೇ ದಿನ ಸುರಿಯಬೇಡ. ಒಂದು ಸಾಲು ಹಾಕು, ಅದು ಬೆರಳುದ್ದ ಬಂದಾಗ ಇನ್ನೊಂದು ಸಾಲು ಹಾಕು. ಇಲ್ಲದಿದ್ದರೆ ಎಲ್ಲ ಒಟ್ಟಿಗೆ ಬೆಳೆದು ಒಟ್ಟಿಗೆ ಮುದಿಯಾಗುತ್ತದೆ. ನಾಲ್ಕನೇ ಮಡಿ ಈ ಮಳೆಗಾಲ ಸುಮ್ಮನೆ ಬಿದ್ದಿರಲಿ. ಅದಕ್ಕೂ ಸುಸ್ತಾಗಿದೆ.

ಸೋರೆ ಅರ್ಧ ಹಾಕು. ಹಿಂದಿನ ದಿನ ನೆನೆಸು. ಬಳ್ಳಿ ಚಪ್ಪರ ಮುಟ್ಟಿದಾಗ ತುದಿ ಚಿವುಟು, ಕವಲು ಒಡೆಯುತ್ತದೆ. ಮೊದಲು ಬಂದ ಒಳ್ಳೆಯ ಕಾಯಿಗೆ ಅಮ್ಮ ಕಟ್ಟುತ್ತಿದ್ದ ಹಾಗೆ ಬಟ್ಟೆಯ ಚೂರು ಕಟ್ಟು. ಅದು ಬೀಜಕ್ಕೆ. ಯಾರೂ ಮುಟ್ಟಬಾರದು. ತೊಟ್ಟು ಒಣಗುವವರೆಗೆ ಬಳ್ಳಿಯಲ್ಲೇ ಇರಲಿ. ಉಳಿದದ್ದನ್ನು ತಿನ್ನು.

ಇಲ್ಲಿ ಕೆಲಸ ನೆಲಮಾಳಿಗೆಯಲ್ಲಿ. ದಿನವಿಡೀ ಹಬೆ, ಬಿಳಿ ಹೊದಿಕೆಗಳು. ಹಸಿರು ಎಂದರೆ ಶಸ್ತ್ರಕ್ರಿಯೆ ಕೋಣೆಯ ಬಟ್ಟೆ ಮಾತ್ರ. ಮನೆಯ ಮಾತು ಬೇಸಿಗೆಯಲ್ಲಿ ಆಡೋಣ.

ಅಕ್ಕ


ಆಗಸ್ಟ್ 6

ಅಕ್ಕನಿಗೆ,

ತಡವಾಯಿತು. ಶಾಲೆಯ ಸಮವಸ್ತ್ರದ ಕೆಲಸ ಬಂದಿತ್ತು. ಕಾಜಾ ಹಾಕಿ ಹಾಕಿ ಕಣ್ಣೆದುರು ಗುಂಡಿಗಳೇ ತೇಲುತ್ತಿವೆ.

ನೀನು ಹೇಳಿದ ಕೆಲಸಗಳನ್ನೆಲ್ಲ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಹಿಂಬಾಗಿಲ ಮೇಲೆ ಬರೆದಿದ್ದೆ. ಗಾಳಿಮಳೆಗೆ ತೊಳೆದು ಹೋಯಿತು. ಅರ್ಧ ಉಳಿದದ್ದನ್ನು ಓದಿ ಮಾಡಿದೆ. 'ಕೀಳು' ಎಂದು ಕಾಣುತ್ತಿತ್ತು, ಏನನ್ನು ಎಂದು ಕಾಣುತ್ತಿರಲಿಲ್ಲ. ಆ ದಿನ ಏನನ್ನೂ ಕೀಳಲಿಲ್ಲ. ಈಗ ಬಾಗಿಲ ಒಳಮೈಗೆ ಬರೆಯುತ್ತೇನೆ.

ಸೋರೆ ಹುಟ್ಟಿತು. ನೆನೆಸಿಟ್ಟಾಗ ಎರಡು ಬೀಜ ತೇಲಿದವು, ಅವು ಸತ್ತಿವೆಯೋ ಈಜುತ್ತಿವೆಯೋ ಎಂದು ಕೂತು ನೋಡಿದೆ. ಉಳಿದವು ಬಂದವು. ಬಳ್ಳಿ ಚಪ್ಪರ ಹತ್ತಿದೆ. ತುದಿ ಚಿವುಟಲು ಕೈ ಬರಲಿಲ್ಲ, ಕಾಂಪೌಂಡರ ಹೆಂಡತಿಯನ್ನು ಕರೆದು ಚಿವುಟಿಸಿದೆ. ಅವರು, "ಇಷ್ಟಕ್ಕೆ ಕರೆದ್ರಾ? ನಾನೇನೋ ಹಾವು ಬಂತು ಅಂದ್ಕೊಂಡು ದೊಣ್ಣೆ ಹಿಡ್ಕೊಂಡು ಬಂದೆ" ಎಂದರು. ಬೀನ್ಸಿನ ಕುಡಿಗೆ ಕಪ್ಪು ಹೇನು ಹತ್ತಿತ್ತು, ಬೂದಿ ಎರಚಿದೆ. ಸೀನು ಬಂದು ನನ್ನ ಮುಖಕ್ಕೇ ಬಿತ್ತು.

ಮೊದಲ ಸೋರೆಕಾಯಿ ಮುಷ್ಟಿಯಷ್ಟಾಗಿದೆ. ಕೆಂಪು ಬಟ್ಟೆಯ ಚೂರು ಕಟ್ಟಿದ್ದೇನೆ. ಬಿಗಿಯಾಯಿತೋ ಸಡಿಲವಾಯಿತೋ ಎಂದು ಹೋಗಿ ಹೋಗಿ ನೋಡುತ್ತೇನೆ. ಕಾಯಿಯ ಒಂದು ಬದಿ ಸ್ವಲ್ಪ ಚಪ್ಪಟೆ ಇದ್ದ ಹಾಗಿದೆ. ಅದು ಒಳ್ಳೆಯ ಕಾಯಿಯೇ ಹೌದೇ? ಅಮ್ಮನಿಗೆ ಹೇಗೆ ಗೊತ್ತಾಗುತ್ತಿತ್ತು?

ಗಾಬ್ರಿ


ಆಗಸ್ಟ್ 21

ಗಾಬ್ರಿ,

ಅಮ್ಮನಿಗೂ ಗೊತ್ತಾಗುತ್ತಿರಲಿಲ್ಲ. ಕಟ್ಟುತ್ತಿದ್ದಳು, ಆಮೇಲೆ ಅದರ ಕಡೆ ನೋಡುತ್ತಿರಲಿಲ್ಲ.

ಬೀನ್ಸು ಎಳೆಯದಿರುವಾಗಲೇ ಕೊಯ್ಯಿ. ಕೊಯ್ದಷ್ಟೂ ಬಿಡುತ್ತದೆ. ಬದನೆಯ ಬುಡಕ್ಕೆ ಮಣ್ಣು ಏರಿಸು. ಮಳೆ ಇಳಿಯುತ್ತ ಬಂದಾಗ ನಾಲ್ಕನೇ ಮಡಿಯಲ್ಲಿ ಮೂಲಂಗಿ ಹಾಕು, ಮೊಳಕೆ ಒತ್ತಾಗಿ ಬಂದರೆ ನಡುನಡುವೆ ಕೀಳು. ಬಾಗಿಲ ಮೇಲೆ ಅಳಿಸಿಹೋದದ್ದು ಬಹುಶಃ ಕಳೆ. ಒದ್ದೆ ಮಣ್ಣಿನಲ್ಲಿ ಕಳೆ ಬೇರುಸಹಿತ ಬರುತ್ತದೆ, ಒಣಗಿದ ಮೇಲೆ ಬರುವುದಿಲ್ಲ.

ಇಲ್ಲಿ ಹೊಸ ಯಂತ್ರಗಳು ಬರುತ್ತವಂತೆ. ಕೆಳಗಿನವರಿಗೆ ಕಲಿಸಬೇಕು.

ಅಕ್ಕ


ಅಕ್ಟೋಬರ್ 10

ಅಕ್ಕನಿಗೆ,

ಬೀನ್ಸು ಒಂದು ಬುಟ್ಟಿ ಸಿಕ್ಕಿತು. ಎರಡು ದಿನ ತಡಮಾಡಿದ್ದಕ್ಕೆ ನಾರು ಬಂದು ಹಲ್ಲಿನ ಸಂದಿಗೆ ಸಿಕ್ಕಿಕೊಂಡಿತು. ಬದನೆಯಲ್ಲಿ ಹುಳು ಇತ್ತು, ಆ ಭಾಗ ಕತ್ತರಿಸಿ ಉಳಿದದ್ದನ್ನು ಸುಟ್ಟು ತಿಂದೆ. ತಿಂದ ಮೇಲೆ ಇನ್ನೊಂದು ಹುಳು ಇತ್ತೇನೋ ಎಂದು ಅನುಮಾನ. ಮೆಣಸಿನಕಾಯಿ ಖಾರ ಅಂದರೆ ಖಾರ, ಕಾಂಪೌಂಡರು ಒಂದು ಕಚ್ಚಿ, ನೀರು ಕುಡಿದು, "ಇದನ್ನ ಔಷಧಿ ಅಂಗಡೀಲಿ ಚೀಟಿ ಇಲ್ದೆ ಕೊಡೋ ಹಾಗಿಲ್ಲ" ಎಂದರು. ಮೂಲಂಗಿ ಹಾಕಿದೆ. ಮೊಳಕೆ ಒತ್ತಾಗಿ ಬಂದಿತ್ತು. ಕಿತ್ತವನ್ನು ಬಿಸಾಡಲು ಮನಸ್ಸಾಗದೆ ಗೋಡೆಯ ಬುಡದಲ್ಲೆಲ್ಲ ನೆಟ್ಟೆ. ಈಗ ಆ ಕಡೆ ಕಾಲಿಡಲು ಜಾಗವಿಲ್ಲ.

ಸೋರೆ ಬಳ್ಳಿ ಬಹಳ ಚೆನ್ನಾಗಿದೆ. ಕಾಯಿ ತುಂಬಾ ಇದೆ.

ನಿಂಬೆ ಗಿಡದಲ್ಲಿ ಒಂದು ಹಕ್ಕಿ ಗೂಡು ಕಟ್ಟಿದೆ. ಒಣರೆಂಬೆ ಕತ್ತರಿಸಬೇಕೆಂದು ನೀನು ಹೊರಡುವಾಗ ಹೇಳಿದ್ದು ನೆನಪಿದೆ. ಕತ್ತರಿಸಿಲ್ಲ.

ಗಾಬ್ರಿ


ನವೆಂಬರ್ 1

ಗಾಬ್ರಿ,

ಬೀನ್ಸಿನ ನಾರು ಬರೆದೆ, ಬದನೆಯ ಹುಳು ಬರೆದೆ, ಮೆಣಸಿನಕಾಯಿ ತಿಂದು ಪಕ್ಕದವರು ನೀರು ಕುಡಿದದ್ದನ್ನೂ ಬರೆದೆ. ಸೋರೆ ತುಂಬಾ ಇದೆ ಎಂದೆ, ಒಂದು ಸಲವೂ ಬೇಯಿಸಿದ ಸುದ್ದಿ ಇಲ್ಲ. ಎಷ್ಟು ಕಾಯಿಗೆ ಬಟ್ಟೆ ಕಟ್ಟಿದ್ದೀಯ?

ಮುಂದಿನ ಕೆಲಸಗಳನ್ನು ಒಟ್ಟಿಗೇ ಬರೆದುಬಿಡುತ್ತೇನೆ, ಇಲ್ಲಿ ಬಿಡುವು ಕಡಿಮೆಯಾಗುತ್ತಿದೆ. ಚಳಿಗೆ: ಮೊದಲನೇ ಮಡಿಗೆ ಕ್ಯಾರೆಟ್ಟು, ಹಸಿ ಗೊಬ್ಬರ ಹಾಕಬೇಡ, ಗಡ್ಡೆ ಕವಲೊಡೆಯುತ್ತದೆ. ಮೂರನೆಯದಕ್ಕೆ ಟೊಮೇಟೊ, ಸಸಿ ನೆಡುವಾಗಲೇ ಪಕ್ಕಕ್ಕೆ ಕಡ್ಡಿ ಚುಚ್ಚು. ಬೀನ್ಸಿನ ಜಾಗದಲ್ಲಿ ಮತ್ತೆ ಬೀನ್ಸು ಬೇಡ. ಉದುರಿದ ಎಲೆಯನ್ನೆಲ್ಲ ಗುಂಡಿಗೆ ಹಾಕಿ ಆಗಾಗ ಮಗುಚು. ಬೇಸಿಗೆಗೆ: ಬೆಳಿಗ್ಗೆಯೇ ನೀರು ಹಾಕು, ಬುಡಕ್ಕೆ ಒಣಹುಲ್ಲು ಹೊದಿಸು. ಮೇ ಹೊತ್ತಿಗೆ ಮಡಿಗಳನ್ನು ಖಾಲಿ ಮಾಡು. ಚಪ್ಪರ ಬಿಚ್ಚಿ ಗಳಗಳನ್ನು ಕಟ್ಟಿಡು.

ಅಕ್ಕ


ನವೆಂಬರ್ 15

ಅಕ್ಕನಿಗೆ,

ಎಲ್ಲದಕ್ಕೂ ಕಟ್ಟಿದ್ದೇನೆ.

ಮೊದಲನೆಯದು ಚಪ್ಪಟೆ ಇತ್ತಲ್ಲ, ಅದು ಕೈಕೊಟ್ಟರೆ ಇರಲಿ ಎಂದು ಎರಡನೆಯದಕ್ಕೆ ಕಟ್ಟಿದೆ. ಎರಡನೆಯದರ ಮೇಲೆ ಇಲಿ ಹಲ್ಲಿನ ಗುರುತಿತ್ತು, ಮೂರನೆಯದಕ್ಕೆ ಕಟ್ಟಿದೆ. ಬೀಜ ಅಮ್ಮನದು. ಅವಳ ಕಾಲದಿಂದ ತಪ್ಪದೆ ಬಂದದ್ದು ನನ್ನ ಕೈಯಲ್ಲಿ ಮುಗಿದರೆ ನೀನು ಏನೂ ಅನ್ನುವುದಿಲ್ಲ, ಸುಮ್ಮನಿರುತ್ತೀಯ. ಆ ಸುಮ್ಮನಿರುವುದಕ್ಕೆ ಹೆದರಿ ಕಟ್ಟಿದೆ. ಚೂರು ಬಟ್ಟೆಗೇನು ಬರವೇ ನನ್ನ ಹತ್ತಿರ? ಸಮವಸ್ತ್ರದ ನೀಲಿ, ಯಾರದೋ ರವಿಕೆಯ ಹಸಿರು, ಪಟ್ಟೆ ಪಟ್ಟೆಯ ಅಂಗಿಯದು. ಕಾಂಪೌಂಡರು ನೋಡಿ, "ಏನಮ್ಮಾ, ಎಲ್ಲಾ ಕಾಯಿಗೂ ಟೈ ಕಟ್ಟಿದ್ದೀರಲ್ಲ, ಆಫೀಸಿಗೆ ಕಳಿಸ್ತೀರಾ?" ಎಂದರು. ಅವರ ಹೆಂಡತಿ ಒಳಗಿನಿಂದಲೇ, "ನಿಮಗಿಂತ ಮುಂಚೆ ಅವೇ ಹೊರಟು ನಿಂತಿವೆ, ಬೇಗ ಸ್ನಾನ ಮಾಡಿ" ಎಂದು ಕೂಗಿದರು.

ಬಲಿಯುವ ಕಾಯಿಗಳು ತುಂಬಿದ ಮೇಲೆ ಬಳ್ಳಿ ಹೂ ಬಿಡುವುದನ್ನೇ ನಿಲ್ಲಿಸಿತು. ನನಗೆ ಗೊತ್ತಿರಲಿಲ್ಲ. ಒಂದು ಹೋಳು ಸೋರೆಯೂ ತಿನ್ನದೆ ಮಳೆಗಾಲ ಕಳೆಯಿತು. ನಿನ್ನ ಪತ್ರ ಬಂದ ದಿನ ಒಂದೆರಡನ್ನು ಕತ್ತರಿಸಿ ನೋಡಿದೆ, ಚಾಕು ಇಳಿಯಲಿಲ್ಲ. ಮರ. ಉಳಿದವನ್ನು ಹಾಗೇ ಬಿಟ್ಟಿದ್ದೇನೆ.

ಕ್ಯಾರೆಟ್ಟು, ಟೊಮೇಟೊ ನೀನು ಹೇಳಿದ ಹಾಗೇ ಹಾಕುತ್ತೇನೆ. ಒಂದು ಮಾತು ಕೇಳಬೇಕಿತ್ತು. ಚಪ್ಪರ ಬಿಚ್ಚಿ ಗಳ ಕಟ್ಟಿಡು ಎಂದಿದ್ದೀಯ. ಎಲ್ಲಿ ಇಡಲಿ? ಮತ್ತೆ ಕಟ್ಟುವುದಿದ್ದರೆ ಹಿತ್ತಲಲ್ಲೇ ಇಡುತ್ತೇನೆ. ಜೂನ್ ಕೆಲಸ ಏನೂ ಬರೆದಿಲ್ಲ ನೀನು. ಬಾಗಿಲ ಮೇಲೆ ಮೇ ಆದ ಮೇಲೆ ಖಾಲಿ ಹಲಗೆ ಇದೆ.

ಗಾಬ್ರಿ


ಫೆಬ್ರವರಿ 4

ಗಾಬ್ರಿ,

ಉತ್ತರ ತಡವಾಯಿತು. ನಿರ್ಧಾರ ಆಗದೆ ಬರೆಯುವುದು ಬೇಡವೆಂದಿದ್ದೆ.

ಇಲ್ಲಿ ನನ್ನನ್ನು ಕಾಯಂ ಇರು ಎಂದರು. ಒಪ್ಪಿದೆ. ಸಿಬ್ಬಂದಿಯ ಕಟ್ಟಡದಲ್ಲಿ ಒಂದು ಕೋಣೆ, ಒಂದು ಬಾಲ್ಕನಿ ಕೊಟ್ಟಿದ್ದಾರೆ. ನಾನು ಹಿಂದಿರುಗಿ ಬರುವುದಿಲ್ಲ.

ಮನೆಯನ್ನು ಬಾಡಿಗೆಗೆ ಕೊಡೋಣವೆಂದಿದ್ದೇನೆ. ಕಾಂಪೌಂಡರಿಗೆ ಗೊತ್ತಿರುವ ಗಂಡ ಹೆಂಡತಿ ಇದ್ದಾರಂತೆ, ಮಾರ್ಚಿನಲ್ಲಿ ನೋಡಲು ಬರುತ್ತಾರೆ. ನಿನ್ನ ಪತ್ರಗಳನ್ನೆಲ್ಲ ಮತ್ತೊಮ್ಮೆ ಓದಿದೆ. ಒಂದೂ ಪತ್ರ ಹೆದರಿಕೆಯಿಲ್ಲದೆ ಇಲ್ಲ. ಹೇನಿಗೆ ಹೆದರಿದ್ದೀಯ, ಇಲಿಗೆ ಹೆದರಿದ್ದೀಯ, ನನಗೂ ಹೆದರಿದ್ದೀಯ. ಒಂದು ಹಿತ್ತಲನ್ನು ನಿನ್ನ ತಲೆಯ ಮೇಲೆ ಹೊರಿಸಿದ್ದು ನನ್ನ ತಪ್ಪು. ಇನ್ನು ಇಳಿಸಿಕೋ. ಪೇಟೆಯ ಹತ್ತಿರವೇ ಒಂದು ಕೋಣೆ ನೋಡಿಕೊಂಡರೆ ನಿನ್ನ ಹೊಲಿಗೆ ಕೆಲಸಕ್ಕೂ ಅನುಕೂಲ.

ಗಳಗಳನ್ನು ಬೇಕಾದವರಿಗೆ ಕೊಡು.

ಅಕ್ಕ


ಮಾರ್ಚ್ 19

ಗಾಬ್ರಿ,

ಪತ್ರವಿಲ್ಲ. ಅವರು ಬಂದು ಹೋದರೇ? ಟೊಮೇಟೊ ಕೆಂಪಾಯಿತೇ?

ಅಕ್ಕ


ಏಪ್ರಿಲ್ 8

ಅಕ್ಕನಿಗೆ,

ಬಂದು ಹೋದರು.

ಆಯಮ್ಮ ಒಳಗೆಲ್ಲ ನೋಡಿ ಹಿತ್ತಲಿಗೆ ಬಂದು, "ಇದನ್ನೆಲ್ಲ ಕಿತ್ತು ಸಿಮೆಂಟ್ ಹಾಕಿದ್ರೆ ಎರಡು ಸ್ಕೂಟರ್ ನಿಲ್ಲಿಸಬಹುದು, ಅಲ್ವೇನ್ರೀ?" ಎಂದರು. ಅವರ ಗಂಡ ಕ್ಯಾರೆಟ್ ಮಡಿಯ ಮೇಲೆ ಕಾಲಿಟ್ಟು ಅಳತೆ ಹಾಕಿದರು. ಆಮೇಲೆ ಆಯಮ್ಮನೇ, "ಮನೆ ಹೇಗಿದೆ? ನೀವು ಇದ್ದವರು, ಇದ್ದದ್ದು ಇದ್ದ ಹಾಗೆ ಹೇಳಿ" ಎಂದು ಕೇಳಿದರು.

ಕೇಳಿದರು, ಹೇಳಿದೆ. ಒಂದೂ ಸುಳ್ಳು ಹೇಳಿಲ್ಲ. ಅಡುಗೆಮನೆಯ ನಲ್ಲಿ ಬೆಳಗಿನ ಜಾವ ಗೊರಕೆ ಹೊಡೆಯುತ್ತದೆ ಎಂದೆ. ಮಳೆಗಾಲದಲ್ಲಿ ಹಿಂಬಾಗಿಲು ಊದಿಕೊಂಡು, ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ ಎಂದೆ. ಅಟ್ಟದಲ್ಲಿ ಇಲಿ ಇರಬಹುದು, ನಾನು ಕಂಡಿಲ್ಲ, ಆದರೆ ಅದು ನನ್ನನ್ನು ಕಂಡಿದೆ ಎಂದೆ. ಗೋಡೆಯಲ್ಲೊಂದು ಬಿರುಕಿದೆ, ಬೆಳೆಯುತ್ತಿದೆಯೋ ಇಲ್ಲವೋ ಎಂದು ನಾನು ಸೀಮೆಸುಣ್ಣದಿಂದ ಗುರುತು ಹಾಕಿದ್ದೇನೆ ಎಂದು ಕರೆದುಕೊಂಡು ಹೋಗಿ ತೋರಿಸಿದೆ. ಒಂದು ಹೇಳಿದ ಕೂಡಲೇ ಇನ್ನೊಂದು ನೆನಪಾಗುತ್ತಿತ್ತು. ನಿನಗೆ ಗೊತ್ತಲ್ಲ ನನ್ನ ಬಾಯಿ. ನಿಂಬೆ ಮುಳ್ಳಿನ ವಿಷಯಕ್ಕೆ ಬರುವ ಹೊತ್ತಿಗೆ ಆ ಗಂಡ, "ನಡಿಯೇ, ಹೊತ್ತಾಯ್ತು" ಎಂದು ಚಪ್ಪಲಿ ಮೆಟ್ಟಿದರು. ಕಾಂಪೌಂಡರು ಗೋಡೆಯ ಆ ಕಡೆ ಕೂತು ನಗುತ್ತಿದ್ದರು, ಕೆಮ್ಮು ಎಂದು ತೋರಿಸಿಕೊಂಡರು.

ಈಗ ನಿನ್ನ ಪತ್ರಕ್ಕೆ ಬರುತ್ತೇನೆ. ಇಷ್ಟು ದಿನ ಬರೆಯದೆ ಇದ್ದದ್ದು, ಸೋರೆಯ ತಪ್ಪಿಗೆ ನನ್ನನ್ನು ಕಳಿಸುತ್ತಿದ್ದೀಯ ಎಂದುಕೊಂಡಿದ್ದರಿಂದ. ಕೋಣೆ ನೋಡಲೂ ಹೋಗಿದ್ದೆ. ಮಾಲೀಕ ಮೊದಲು ಕೇಳಿದ್ದೇ, "ಯಂತ್ರ ಸದ್ದು ಮಾಡುತ್ತಾ?" ವಾಪಸ್ಸು ಬಂದು ನಿನ್ನ ಪತ್ರವನ್ನು ಇನ್ನೊಮ್ಮೆ ಓದಿದಾಗ, ನೀನು ನನ್ನ ಭಾರ ಇಳಿಸುತ್ತಿದ್ದೀಯ ಎಂದು ಗೊತ್ತಾಯಿತು. ಅಕ್ಕ, ನಾನು ಹೆದರುತ್ತೇನೆ, ನಿಜ. ಬಸ್ಸು ಬಂದರೂ ಹೆದರುತ್ತೇನೆ, ಬರದಿದ್ದರೂ ಹೆದರುತ್ತೇನೆ. ಎಲ್ಲಿದ್ದರೂ ಹೆದರುವವಳು ನಾನು. ಇಲ್ಲಿ ಹೆದರಿದರೆ ಕೊನೆಗೆ ಒಂದು ಬುಟ್ಟಿ ಬೀನ್ಸಾದರೂ ಸಿಗುತ್ತದೆ. ನಾನು ಹೆದರಿಕೆಯಾಗುತ್ತದೆ ಎಂದು ಬರೆದೆ, ಇದರಿಂದ ನನ್ನನ್ನು ಬಿಡಿಸು ಎಂದು ಯಾವತ್ತೂ ಬರೆಯಲಿಲ್ಲ. ನಾನು ಈ ಮನೆಯಲ್ಲಿ ಇರಬೇಕು. ಕೇಳುವುದಕ್ಕೆ ಹತ್ತು ತಿಂಗಳು ಬೇಕಾಯಿತು.

ಚಪ್ಪರ ಬಿಚ್ಚಿಲ್ಲ. ಹಳೆಯ ಹಗ್ಗ ತೆಗೆದು ಹೊಸದು ಕಟ್ಟಿದ್ದೇನೆ. ಮಡಿ ಖಾಲಿ ಮಾಡಿಲ್ಲ. ಒಂದರಲ್ಲಿ ಸೊಪ್ಪು ಸಾಲು ಸಾಲಾಗಿ ಇದೆ, ನೀನು ಹೇಳಿದ ಹಾಗೆ ಒಂದಾದ ಮೇಲೊಂದು. ನಿಂಬೆಯ ಒಣರೆಂಬೆ ಕತ್ತರಿಸಿದೆ, ಗೂಡು ಖಾಲಿಯಾದ ಮೇಲೆ. ಟೊಮೇಟೊ ಕೆಂಪಾಯಿತು, ಮುಗಿದೂ ಹೋಯಿತು.

ಸೋರೆಗಳನ್ನು ಒಡೆದೆ. ಕಡೆಗೆ ಬಂದ ಕಾಯಿಗಳಲ್ಲಿ ಬರೀ ಜೊಳ್ಳು. ಮೊದಲ ಕಾಯಿ, ಆ ಚಪ್ಪಟೆಯದು, ಅದರ ತುಂಬ ಗಟ್ಟಿ ಬೀಜ. ಡಬ್ಬಿಯಲ್ಲಿ ಹಿಡಿಸಲಿಲ್ಲ. ಕಾಂಪೌಂಡರ ಮನೆಗೆ ಕೊಟ್ಟೆ, ಎದುರಿನ ಸೈಕಲ್ ರಿಪೇರಿಯವರಿಗೆ ಕೊಟ್ಟೆ, ಬಟ್ಟೆ ಕೊಡಲು ಬಂದವರಿಗೆಲ್ಲ ಜೇಬಿಗೆ ಹಾಕಿ ಕಳಿಸಿದೆ. ಇನ್ನು ನಾನೊಬ್ಬಳೇ ಕಾಯುತ್ತ ಕೂರಬೇಕಾಗಿಲ್ಲ.

ನಿನಗೂ ಇದರೊಳಗೆ ಐದಾರು ಇಟ್ಟಿದ್ದೇನೆ. ಬಾಲ್ಕನಿ ಇದೆ ಎಂದೆಯಲ್ಲ. ದೊಡ್ಡ ಡ್ರಮ್ಮು ಹುಡುಕು, ತಳಕ್ಕೆ ತೂತು ಹಾಕು. ಗೊಬ್ಬರ ಮೊದಲು. ಹಿಂದಿನ ದಿನ ನೆನೆಸು. ಕಂಬಿಗೆ ಹಗ್ಗ ಕಟ್ಟು.

ಗಾಬ್ರಿ


ಮೇ 12

ಗಾಬ್ರಿ,

ಮನೆ ನೋಡಲು ಇನ್ನು ಯಾರೂ ಬರುವುದಿಲ್ಲ. ಕಾಂಪೌಂಡರಿಗೂ ಬರೆದು ತಿಳಿಸಿದ್ದೇನೆ. ಗೋಡೆಯ ಬಿರುಕು ನಾನು ಚಿಕ್ಕವಳಿದ್ದಾಗಿನಿಂದಲೂ ಅಷ್ಟೇ ಇದೆ. ಯಂತ್ರವನ್ನು ಮುಂದಿನ ಕೋಣೆಗೆ ಹಾಕಿಸಿಕೊಂಡರೆ ಗಿರಾಕಿಗಳಿಗೆ ಅನುಕೂಲ, ಆದರೆ ಅಲ್ಲಿಂದ ಹಿತ್ತಲು ಕಾಣುವುದಿಲ್ಲ. ನಿನ್ನಿಷ್ಟ.

ಬೀಜ ಬಂತು. ನಮ್ಮ ವಿಭಾಗದಲ್ಲಿ ಸೋಪಿನ ಪುಡಿಯ ಖಾಲಿ ಡ್ರಮ್ಮುಗಳಿವೆ, ಒಂದನ್ನು ತಂದಿದ್ದೇನೆ. ತೊಳೆದೆ. ನೊರೆ ಬಂತು. ಮತ್ತೆ ತೊಳೆದೆ, ಮತ್ತೆ ನೊರೆ ಬಂತು. ಒಗೆಯುವುದೇ ಕೆಲಸವಾದವಳಿಗೆ ಒಂದು ಡ್ರಮ್ಮಿನ ನೊರೆ ಹೋಗಿಸಲು ಆಗುತ್ತಿಲ್ಲ ಎಂದು ಕೆಳಗಿನವರು ನಗುತ್ತಾರೆ. ಇಷ್ಟು ಸೋಪು ಬೇರಿಗೆ ಆಗುತ್ತದೆಯೇ? ತೂತು ಬೆರಳು ಹೋಗುವಷ್ಟು ಸಾಕೇ, ಇನ್ನೂ ದೊಡ್ಡದು ಬೇಕೇ? ಬಾಲ್ಕನಿಗೆ ಬಿಸಿಲು ಮಧ್ಯಾಹ್ನದವರೆಗೆ ಮಾತ್ರ. ಬೀಜಗಳನ್ನು ಸುಮ್ಮನೆ ನೀರಿಗೆ ಹಾಕಿ ನೋಡಿ ತೆಗೆದೆ, ಒಂದು ತೇಲಿತು. ಅದನ್ನು ಬಿಸಾಡಲೋ, ಇರಲಿ ಎಂದು ನೆಡಲೋ? ಇಲ್ಲಿ ಕೇಳಲು ಯಾರೂ ಇಲ್ಲ. ಬೇಗ ಬರೆ.

ಅಕ್ಕ


ಮೇ 25

ಅಕ್ಕನಿಗೆ,

ತೂತು ಸಾಕು. ಡ್ರಮ್ಮನ್ನು ಮಳೆಗೆ ಇಡು, ನೊರೆ ಹೋಗುತ್ತದೆ. ಅರ್ಧ ದಿನದ ಬಿಸಿಲು ಸಾಲುತ್ತದೆ. ತೇಲಿದ್ದನ್ನು ಬಿಸಾಡು.

ಮೊದಲ ಒಳ್ಳೆಯ ಕಾಯಿ ಬಂದಾಗ ಕಟ್ಟಲು ಬಟ್ಟೆಯ ಚೂರು ಇದರೊಳಗಿದೆ. ಒಂದೇ ಕಳಿಸಿದ್ದೇನೆ. ಇನ್ನೊಂದು ಕೇಳಬೇಡ.

ಗಾಬ್ರಿ